ಕೆರೆದಷ್ಟೂ ಹಿಗ್ಗುವ ಹುಣ್ಣು: ಅಕ್ಕನ ಕಾಲಿನ ಗಾಯ ಯಾಕೆ ಮಾಯುತ್ತಿಲ್ಲ?

ಪ್ರಶ್ನೆ: ನನ್ನ ಅಕ್ಕನಿಗೆ 44 ವರ್ಷ. ನಾಲ್ಕು ತಿಂಗಳ ಹಿಂದೆ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಸೊಳ್ಳೆ ಕಚ್ಚಿದ ಹಾಗೆ ಒಂದು ಗುಳ್ಳೆ ಎದ್ದಿತು. ಮೂರೇ ದಿನಕ್ಕೆ ಒಡೆದು ಹುಣ್ಣಾಯಿತು. ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ಎರಡು ಸಲ ಕೊಳೆತ ಭಾಗ ಕತ್ತರಿಸಿ ಸ್ವಚ್ಛ ಮಾಡಿದರು. ಎರಡು ಸಲವೂ ಗಾಯ ದೊಡ್ಡದಾಯಿತೇ ಹೊರತು ಚಿಕ್ಕದಾಗಲಿಲ್ಲ. ಈಗ ಅಂಗೈ ಅಗಲ ಇದೆ. ಮೊನ್ನೆ ಚರ್ಮದ ಡಾಕ್ಟರು ಬಯಾಪ್ಸಿ ನೋಡಿ 'ಪಯೋಡರ್ಮಾ ಗ್ಯಾಂಗ್ರಿನೋಸಮ್' ಎಂದರು, ಸ್ಟೀರಾಯ್ಡ್ ಮಾತ್ರೆ ಬರೆದರು. ಗ್ಯಾಂಗ್ರೀನ್ ಅಂದ ಕೂಡಲೇ ನಮಗೆಲ್ಲ ಕೈಕಾಲೇ ಆಡಲಿಲ್ಲ. ಕಾಲು ತೆಗೆಯಬೇಕಾಗುತ್ತಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಇದು ಅಂಟುತ್ತಾ? ಗಾಯ ಇರುವಾಗ ಸ್ಟೀರಾಯ್ಡ್ ತಗೊಂಡರೆ ಮಾಯುವುದೇ ಇಲ್ಲ ಅಂತ ಎಲ್ಲರೂ ಹೆದರಿಸಿದ್ದಾರೆ. ಅಕ್ಕ ಇನ್ನೂ ಮಾತ್ರೆ ಶುರು ಮಾಡಿಲ್ಲ. ದಿನಾ ಡ್ರೆಸ್ಸಿಂಗ್ ಮಾಡುವುದು ನಾನೇ. ಗಾಜ್ ಬಟ್ಟೆ ಕೀಳುವಾಗ ಅವಳು ದಿಂಬು ಕಚ್ಚಿಕೊಂಡು ಅಳುತ್ತಾಳೆ. ಚರ್ಮ ಕಸಿ ಮಾಡಿಸಿದರೆ ಬೇಗ ಮುಚ್ಚುತ್ತಾ? ಇನ್ನೊಂದು ಮಾತು. ಆರು ವರ್ಷದ ಹಿಂದೆ ಅವಳಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮಾತ್ರೆ ತಗೊಂಡು ಕಡಿಮೆಯಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಉತ್ತರ: ನಿಮ್ಮ ಎರಡು ಭಯಗಳನ್ನು ಮೊದಲು ಇಳಿಸಿಬಿಡುತ್ತೇನೆ. ಇದು ಅಂಟುವ ಕಾಯಿಲೆ ಅಲ್ಲ. ಮಕ್ಕಳು ಅಕ್ಕನ ಪಕ್ಕ ಮಲಗಬಹುದು, ಅದೇ ಟವೆಲ್ ಮುಟ್ಟಿದರೂ ಈ ಕಾಯಿಲೆ ಬರುವುದಿಲ್ಲ. ಇನ್ನು ಕಾಲು ತೆಗೆಯುವ ಮಾತು. ಈ ಕಾಯಿಲೆಗೆ ಅದು ಚಿಕಿತ್ಸೆಯೇ ಅಲ್ಲ. ಕತ್ತರಿ ಹಾಕಿದಷ್ಟೂ ಕೆರಳುವ ಕಾಯಿಲೆ ಇದು. ನಿಮ್ಮ ಅಕ್ಕನ ಗಾಯವೇ ಎರಡು ಸಲ ಅದನ್ನು ಹೇಳಿದೆ.

ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಪಯೋಡರ್ಮಾ ಎಂದರೆ ಕೀವು ತುಂಬಿದ ಚರ್ಮ, ಗ್ಯಾಂಗ್ರಿನೋಸಮ್ ಎಂದರೆ ಗ್ಯಾಂಗ್ರೀನಿನಂಥದ್ದು. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಈ ಹೆಸರಿಟ್ಟಾಗ ಇದು ಸೋಂಕಿನಿಂದ ಬರುತ್ತದೆ ಎಂದೇ ನಂಬಿದ್ದರು. ಆ ನಂಬಿಕೆ ಆಮೇಲೆ ಸುಳ್ಳಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ಇದು ಸೋಂಕೂ ಅಲ್ಲ, ರಕ್ತ ಹರಿಯದೆ ಮಾಂಸ ಸಾಯುವ ಗ್ಯಾಂಗ್ರೀನೂ ಅಲ್ಲ.

ಹಾಗಾದರೆ ಏನು? ನಮ್ಮ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಿವೆ. ಎಲ್ಲಾದರೂ ಗಾಯವಾಗಿ ಕ್ರಿಮಿ ನುಗ್ಗಿದರೆ ಮೊದಲು ಓಡಿ ಬರುವುದು ಇವೇ. ಕ್ರಿಮಿಯನ್ನು ಕೊಂದು, ಕೆಲಸ ಮುಗಿಸಿ, ತಾವೂ ಸಾಯುತ್ತವೆ. ಈ ಕಾಯಿಲೆಯಲ್ಲಿ ಅವು ಕ್ರಿಮಿ ಇಲ್ಲದಿದ್ದರೂ ದಂಡುಗಟ್ಟಿ ಬರುತ್ತವೆ, ಹಿಂದಿರುಗುವುದಿಲ್ಲ, ತಮ್ಮದೇ ಚರ್ಮವನ್ನು ಕರಗಿಸುತ್ತಾ ಹೋಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಗಾಯದಲ್ಲಿ ಕಾಣುವ ಕೀವಿನಂಥ ದ್ರವ ಬಹುಪಾಲು ಈ ಕಣಗಳೇ. ಅದಕ್ಕೇ ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಪ್ರಯೋಜನ ಆಗಲಿಲ್ಲ. ಕೊಲ್ಲಬೇಕಾದ ಕ್ರಿಮಿಯೇ ಅಲ್ಲಿ ಮುಖ್ಯ ಶತ್ರುವಾಗಿರಲಿಲ್ಲ.

ಈ ರೋಗದ ಇನ್ನೊಂದು ಗುಣಕ್ಕೆ ಪ್ಯಾಥರ್ಜಿ ಎನ್ನುತ್ತೇವೆ. ಸಣ್ಣ ಪೆಟ್ಟು, ಚುಚ್ಚು, ಹೊಲಿಗೆ, ಕೆರೆತ, ಯಾವುದಾದರೂ ಸಾಕು, ಅಲ್ಲಿ ಹೊಸ ಹುಣ್ಣು ಏಳಬಹುದು ಅಥವಾ ಇದ್ದದ್ದು ಹಿಗ್ಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆಗುತ್ತದೆ. ನಿಮ್ಮ ಅಕ್ಕನಿಗೆ ಆಗುತ್ತದೆ ಎಂದೇ ಕಾಣುತ್ತದೆ. ಸಾಮಾನ್ಯ ಕೊಳೆತ ಗಾಯದಲ್ಲಿ ಸತ್ತ ಭಾಗ ತೆಗೆದು ಸ್ವಚ್ಛ ಮಾಡುವುದು ಸರಿಯಾದ ಕೆಲಸ. ಅದೇ ಕೆಲಸ ಇಲ್ಲಿ ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತದೆ. ಕತ್ತರಿಸಿದವರ ಮೇಲೆ ಸಿಟ್ಟಾಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರರಿಂದ ಹತ್ತು ಜನರಿಗೆ ಮಾತ್ರ ಬರುವ ಕಾಯಿಲೆ ಇದು. ಎಷ್ಟೋ ವೈದ್ಯರು ತಮ್ಮ ಇಡೀ ವೃತ್ತಿಯಲ್ಲಿ ಒಂದೂ ನೋಡಿರುವುದಿಲ್ಲ. ನಾನೂ ಮೊದಲ ಸಲ ಕಂಡಾಗ ಗುರುತಿಸಲಿಲ್ಲ. ಆಪರೇಷನ್ ಆದ ಹೊಲಿಗೆಯ ಸುತ್ತ ಕಾಣಿಸಿಕೊಂಡಿತ್ತು, ಸೋಂಕು ಎಂದೇ ತಿಳಿದು ಎರಡು ವಾರ ಕಳೆದೆ. ಆ ರೋಗಿಗೆ ಆ ಎರಡು ವಾರ ತುಂಬಾ ದುಬಾರಿಯಾಯಿತು.

ಈಗ ಒಂದು ಎಚ್ಚರಿಕೆ. ಈ ರೋಗವನ್ನು ಖಚಿತಪಡಿಸುವ ಒಂದೇ ಒಂದು ಪರೀಕ್ಷೆ ಇಲ್ಲ. ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್‌ಗಳ ದಂಡು ಕಂಡರೆ ಅದು ದೊಡ್ಡ ಸಾಕ್ಷಿ, ಆದರೆ ಅದೊಂದೇ ಸಾಲದು. ಕ್ಷಯದ ಹುಣ್ಣು, ಆಳದ ಫಂಗಸ್, ರಕ್ತನಾಳದ ಉರಿಯೂತ, ರಕ್ತ ಹೆಪ್ಪುಗಟ್ಟುವ ತೊಂದರೆ, ಉಬ್ಬಿದ ಅಭಿಧಮನಿಯ ಹುಣ್ಣು, ಚರ್ಮದ ಕ್ಯಾನ್ಸರ್, ಇವೆಲ್ಲ ಹೀಗೇ ಕಾಣಬಹುದು. ಈ ಹೆಸರು ಪಡೆದ ಹತ್ತು ಜನರಲ್ಲಿ ಒಬ್ಬರಿಗೆ ಇರುವುದು ಬೇರೆಯೇ ಕಾಯಿಲೆ ಎಂದು ಹಿಂದೆ ಕಂಡುಬಂದಿದೆ. ಹಾಗಾಗಿ ಡಾಕ್ಟರನ್ನು ಒಂದು ಮಾತು ಕೇಳಿ: ಬಯಾಪ್ಸಿಯ ತುಣುಕನ್ನು ಕ್ಷಯ ಮತ್ತು ಫಂಗಸ್‌ಗಾಗಿ ಕಲ್ಚರ್‌ಗೂ, ಅಂದರೆ ಕ್ರಿಮಿ ಬೆಳೆಯುತ್ತದಾ ಎಂದು ಲ್ಯಾಬಿನಲ್ಲಿ ನೋಡುವ ಪರೀಕ್ಷೆಗೂ, ಕಳಿಸಿದ್ದಾರಾ? ಇದು ಅನುಮಾನದ ಪ್ರಶ್ನೆ ಅಲ್ಲ, ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿ ಸೋಂಕು ಇದ್ದು ಸ್ಟೀರಾಯ್ಡ್ ಕೊಟ್ಟರೆ ಕಷ್ಟ.

ಹಾಗಿದ್ದೂ ನಿಮ್ಮ ಪತ್ರದ ವಿವರ ಈ ರೋಗಕ್ಕೆ ಚೆನ್ನಾಗಿ ಹೊಂದುತ್ತದೆ. ಗುಳ್ಳೆ ನಾಲ್ಕು ದಿನದೊಳಗೆ ಹುಣ್ಣಾಗಿದೆ, ಕಾಲಿನ ಮುಂಭಾಗದಲ್ಲಿದೆ, ಕಣ್ಣಿಗೆ ಕಾಣುವುದಕ್ಕಿಂತ ನೋವು ಜಾಸ್ತಿ ಇದೆ. ಮನೆಯಲ್ಲಿ ಬೆಳಕು ಚೆನ್ನಾಗಿರುವ ಕಡೆ ಗಾಯದ ಅಂಚನ್ನು ಒಮ್ಮೆ ನೋಡಿ. ಮುಟ್ಟಬೇಡಿ, ಸುಮ್ನೆ ನೋಡಿ. ಅಂಚು ನೇರಳೆ ಬಣ್ಣಕ್ಕೆ ತಿರುಗಿ, ಸ್ವಲ್ಪ ಉಬ್ಬಿ, ಒಳಗಿಂದ ಕೊರೆದ ಹಾಗೆ ಗಾಯದ ಮೇಲೆ ಚಾಚಿಕೊಂಡಿರುತ್ತದೆ, ನದಿ ಕೊರೆದ ದಂಡೆಯ ಹಾಗೆ. ಆ ನೇರಳೆ ಪಟ್ಟಿಯೇ ಉರಿಯುತ್ತಿರುವ ಜಾಗ. ಚಿಕಿತ್ಸೆ ಹಿಡಿಯಿತೋ ಇಲ್ಲವೋ ಎಂದು ಮುಂದಿನ ವಾರಗಳಲ್ಲಿ ನಿಮ್ಮ ಕಣ್ಣಿಗೆ ಮೊದಲು ತೋರಿಸುವುದೂ ಅದೇ.

ನೀವು ಕೊನೆಗೆ, ಸಂಬಂಧ ಇರಲಿಕ್ಕಿಲ್ಲ ಎಂದು ಬರೆದ ಸಾಲು ಇದೆಯಲ್ಲ, ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದೇ. ಈ ಹುಣ್ಣು ಬಂದವರಲ್ಲಿ ಅರ್ಧದಷ್ಟು ಜನರಿಗೆ ಒಳಗೆ ಇನ್ನೊಂದು ಕಾಯಿಲೆ ಇರುತ್ತದೆ: ಕರುಳಿನ ಉರಿಯೂತ, ಕೀಲುವಾತ ಅಥವಾ ರಕ್ತದ ಕಾಯಿಲೆ. ಅವುಗಳಲ್ಲಿ ಮೊದಲ ಸಾಲಿನಲ್ಲಿರುವುದು ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಎಂಬ ಕರುಳಿನ ಉರಿಯೂತಗಳು. ಆರು ವರ್ಷದ ಹಿಂದಿನ ಆ ರಕ್ತ ಮೂಲವ್ಯಾಧಿಯದ್ದೂ ಇರಬಹುದು. ಆದರೆ ಕೊಲೈಟಿಸ್ ಆಗಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಮಾತಾಡಲು ನಾಚಿಕೆ ಪಡುವ ವಿಷಯ ಅಂತ ಅಕ್ಕ ಚರ್ಮದ ಡಾಕ್ಟರಿಗೆ ಹೇಳಿರಲಿಕ್ಕಿಲ್ಲ. ಹಳೆಯ ಚೀಟಿ, ಮಾತ್ರೆಯ ಹೆಸರು, ಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ ವರದಿ ಏನಿದ್ದರೂ ಹುಡುಕಿ ತೆಗೆದಿಡಿ. ಕರುಳು ಶಾಂತವಾಗಿದ್ದರೂ ಚರ್ಮದಲ್ಲಿ ಹುಣ್ಣು ಏಳಬಹುದು, ಆದ್ದರಿಂದ 'ಈಗ ಹೊಟ್ಟೆ ಸರಿ ಇದೆ' ಎಂಬ ಕಾರಣಕ್ಕೆ ಈ ಮಾತನ್ನು ಬಿಡಬೇಡಿ.

ಈಗ ಸ್ಟೀರಾಯ್ಡ್. ನಿಮ್ಮನ್ನು ಹೆದರಿಸಿದವರ ಮಾತು ಪೂರ್ತಿ ಸುಳ್ಳಲ್ಲ. ಸಾಮಾನ್ಯ ಗಾಯ ಸ್ಟೀರಾಯ್ಡ್‌ನಿಂದ ನಿಧಾನವಾಗಿ ಮಾಯುತ್ತದೆ, ನಿಜ. ಆದರೆ ಇಲ್ಲಿ ಗಾಯವನ್ನು ತಿನ್ನುತ್ತಿರುವುದೇ ದೇಹದ ರಕ್ಷಣಾ ಪಡೆ. ಅದನ್ನು ಅಡಗಿಸದೆ ಮೇಲಿಂದ ಎಂಥ ಮುಲಾಮು ಹಚ್ಚಿದರೂ ಗಾಯ ಮುಚ್ಚಲಾರದು. ಮೊದಲು ಉರಿ ಆರಬೇಕು, ಆಮೇಲೆ ಮಾಯುವ ಮಾತು. ಪ್ರತಿ ದಿನ ತಡವಾದಷ್ಟೂ ಆ ನೇರಳೆ ಅಂಚು ಮುಂದೆ ಸರಿಯುತ್ತಿರುತ್ತದೆ.

ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಾಯಿಲೆಯಲ್ಲಿ ನಮಗೆ ಸಿಕ್ಕಿರುವ ಗಟ್ಟಿ ಆಧಾರಗಳಲ್ಲಿ ಒಂದು. ಅರ್ಧ ಜನರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ದೇಹದ ರಕ್ಷಣಾ ಪಡೆಯನ್ನೇ ಅಡಗಿಸುವ ಸೈಕ್ಲೋಸ್ಪೊರಿನ್ ಎಂಬ ಇನ್ನೊಂದು ಔಷಧಿ ಕೊಟ್ಟರು. ಆರು ತಿಂಗಳ ಹೊತ್ತಿಗೆ ಎರಡೂ ಕಡೆ 47% ಜನರ ಗಾಯ ಪೂರ್ತಿ ಮುಚ್ಚಿತ್ತು. ಮುಚ್ಚಿದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬಂತು. ಈ ಅಂಕಿಯನ್ನು ಅಕ್ಕನಿಗೂ ಹೇಳಿ. ಎದೆಗುಂದಿಸಲು ಅಲ್ಲ. ಎರಡು ವಾರದಲ್ಲಿ ಮುಚ್ಚಲಿಲ್ಲ ಎಂದು ಮಾತ್ರೆ ಬಿಸಾಕಬಾರದು, ಅದಕ್ಕೆ. ಇದು ತಿಂಗಳುಗಳ ಕೆಲಸ, ಅಂಗೈ ಅಗಲದ ಗಾಯಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ.

ಎರಡು ಔಷಧಿಗಳ ನಡುವಿನ ಆಯ್ಕೆ ಅಕ್ಕನ ದೇಹ ನೋಡಿ ಆಗಬೇಕು. ಸ್ಟೀರಾಯ್ಡ್‌ನಿಂದ ಸಕ್ಕರೆ ಏರಬಹುದು, ಮೂಳೆ ತೆಳುವಾಗಬಹುದು, ನಿದ್ದೆ ಕೆಡಬಹುದು, ಮುಖ ಊದಬಹುದು. ಆ ಅಧ್ಯಯನದಲ್ಲಿ ಗಂಭೀರ ಸೋಂಕು ಸ್ಟೀರಾಯ್ಡ್ ತೆಗೆದುಕೊಂಡವರಲ್ಲೇ ಹೆಚ್ಚಿತ್ತು. ಸೈಕ್ಲೋಸ್ಪೊರಿನ್ ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ಭಾರ ಹಾಕುತ್ತದೆ, ಆಗಾಗ ರಕ್ತಪರೀಕ್ಷೆ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ನಾನು ಸಾಮಾನ್ಯವಾಗಿ ಸೈಕ್ಲೋಸ್ಪೊರಿನ್ ಕಡೆ ವಾಲುತ್ತೇನೆ, ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಸ್ಟೀರಾಯ್ಡ್ ಕಡೆ. ಸ್ಟೀರಾಯ್ಡ್ ಆದರೆ ಬೆಳಗ್ಗೆ, ಊಟವಾದ ಮೇಲೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಕೇಳಿ. ಕೆಲವು ವಾರ ತೆಗೆದುಕೊಂಡ ಮೇಲೆ ಎಂದೂ ಒಮ್ಮೆಗೇ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಇವೆರಡೂ ಹಿಡಿಯದಿದ್ದರೆ, ಅಥವಾ ಕರುಳಿನ ಕಾಯಿಲೆ ಇದೆ ಎಂದು ಗೊತ್ತಾದರೆ, ಬಯಾಲಾಜಿಕ್ ಎಂಬ ಇಂಜೆಕ್ಷನ್‌ಗಳಿವೆ. 2006ರ ಒಂದು ಸಣ್ಣ ಅಧ್ಯಯನದಲ್ಲಿ ಅವುಗಳಲ್ಲಿ ಒಂದಾದ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 46% ಜನರಿಗೆ ಎರಡೇ ವಾರಕ್ಕೆ ಸುಧಾರಣೆ ಕಂಡಿತು, ಔಷಧಿ ಇಲ್ಲದ ಡ್ರಿಪ್ ಪಡೆದವರಲ್ಲಿ 6%. ಅದೇ ಬಗೆಯ ಅಡಾಲಿಮುಮ್ಯಾಬ್‌ಗೆ ಜಪಾನ್ 2020ರಲ್ಲಿ ಇದೇ ಕಾಯಿಲೆಗೆಂದು ಅನುಮತಿ ಕೊಟ್ಟಿದೆ. ಕರುಳು, ಚರ್ಮ ಎರಡನ್ನೂ ಒಂದೇ ಔಷಧಿ ನೋಡಿಕೊಳ್ಳುವುದು ಇವುಗಳ ದೊಡ್ಡ ಅನುಕೂಲ. ಆದರೆ ಒಳಗೆ ಅಡಗಿದ ಕ್ಷಯ ಅಥವಾ ಹೆಪಟೈಟಿಸ್ ಬಿ ಇದ್ದರೆ ಇವು ಎಬ್ಬಿಸಬಲ್ಲವು. ಮೊದಲು ಅವುಗಳ ಪರೀಕ್ಷೆ ಆಗಲೇಬೇಕು. ಹುಣ್ಣು ಚಿಕ್ಕದಿದ್ದಾಗ ಅಂಚಿಗೆ ಕ್ಲೊಬೆಟಾಸಾಲ್ ಅಥವಾ ಟ್ಯಾಕ್ರೊಲಿಮಸ್ ಮುಲಾಮು ಮಾತ್ರ ಸಾಕಾಗುವುದೂ ಉಂಟು. ಅಕ್ಕನ ಗಾಯ ಆ ಅಳತೆ ದಾಟಿದೆ. ಮಾತ್ರೆಯ ಜೊತೆಗೆ ಬೇಕಾದರೆ ಹಚ್ಚಬಹುದು, ಡಾಕ್ಟರು ಹೇಳಿದಲ್ಲಿ ಮಾತ್ರ.

ಇನ್ನು ಆ ದಿಂಬು. ನಿಮ್ಮ ಪತ್ರ ಓದುವಾಗ ನನ್ನ ಕಣ್ಣ ಮುಂದೆ ನಿಂತದ್ದು ಅದೇ. ಆ ನೋವಿನ ದೊಡ್ಡ ಪಾಲನ್ನು ನಾಳೆಯಿಂದಲೇ ಕಡಿಮೆ ಮಾಡಬಹುದು.

ಒಣ ಗಾಜ್ ಗಾಯದ ಮೇಲೆ ನೇರವಾಗಿ ಇಡುವುದನ್ನು ನಿಲ್ಲಿಸಿ. ಗಾಯದ ದ್ರವ ಗಾಜ್ ಬಟ್ಟೆಯ ಎಳೆಗಳೊಳಗೆ ಇಳಿದು ಒಣಗುತ್ತದೆ, ಹೊಸದಾಗಿ ಹುಟ್ಟುತ್ತಿರುವ ತೆಳು ಪದರ ಆ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಕಿತ್ತಾಗ ಎರಡೂ ಒಟ್ಟಿಗೆ ಬರುತ್ತವೆ. ಅಂದರೆ ದಿನಾ ಬೆಳಗ್ಗೆ ಗೊತ್ತಿಲ್ಲದೆಯೇ ಒಂದು ಸಣ್ಣ ಕತ್ತರಿಸುವ ಕೆಲಸ ಆಗುತ್ತಿದೆ. ನಾಳೆ ಬಿಚ್ಚುವಾಗ ಹೀಗೆ ಮಾಡಿ. ಮುಕ್ಕಾಲು ಗಂಟೆ ಮೊದಲು ಡಾಕ್ಟರು ಒಪ್ಪಿದ ನೋವಿನ ಮಾತ್ರೆ ಕೊಡಿ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸರಿ. ಐಬುಪ್ರೊಫೆನ್ ಜಾತಿಯ ಮಾತ್ರೆ ಕೇಳದೆ ಬೇಡ, ಕೊಲೈಟಿಸ್ ಇದ್ದರೆ ಕೆರಳಿಸುತ್ತದೆ, ಸ್ಟೀರಾಯ್ಡ್ ಜೊತೆ ಹೊಟ್ಟೆಯಲ್ಲೂ ಹುಣ್ಣು ಮಾಡಬಲ್ಲದು. ಸಲೈನ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿನದು ಸುರಿದರೆ ಜೀವ ಹೋದಂತಾಗುತ್ತದೆ. ಅಂಟಿದ ಗಾಜ್ ಬಟ್ಟೆಯ ಮೇಲೆ ಅದನ್ನು ಧಾರಾಳವಾಗಿ ಸುರಿದು ಹದಿನೈದು ನಿಮಿಷ ಹಾಗೇ ಬಿಡಿ. ಎಳೆಯುವ ಬದಲು ಒಂದು ಮೂಲೆಯಿಂದ ಮಡಚುತ್ತಾ ಬನ್ನಿ. ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಲ್ಲಿಸಿ, ಇನ್ನಷ್ಟು ಸಲೈನ್. ಗಾಯವನ್ನು ಉಜ್ಜಬೇಡಿ, ಸಲೈನ್ ಹರಿಯಬಿಟ್ಟರೆ ಸಾಕು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹತ್ತಿರವೂ ಬೇಡ. ಪುಡಿ, ಲೇಪ, ಮನೆಮದ್ದು ಯಾವುದೂ ಬೇಡ. ತಳದಲ್ಲಿ ಹಳದಿ ಪದರ ಕಂಡರೆ ಕೆರೆದು ತೆಗೆಯುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಗಾಯ ಹದವಾಗಿ ಒದ್ದೆ ಇದ್ದರೆ ಅದು ತಾನಾಗಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ.

ಮೊದಲ ಪದರವಾಗಿ ಅಂಟದ ಸಿಲಿಕೋನ್ ಜಾಲರಿ ಹಾಕಿ. ಮೇಲೆ ದ್ರವ ಹೀರುವ ಫೋಮ್, ದ್ರವ ತುಂಬಾ ಸೋರುತ್ತಿದ್ದರೆ ಆಲ್ಜಿನೇಟ್ ಎಂಬ ಹೀರುವ ಡ್ರೆಸ್ಸಿಂಗ್. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಜಿಂಕ್ ಮುಲಾಮನ್ನೋ ರಕ್ಷಣೆಯ ಕ್ರೀಮನ್ನೋ ತೆಳುವಾಗಿ ಹಚ್ಚಿ, ಇಲ್ಲದಿದ್ದರೆ ಸೋರಿದ ದ್ರವಕ್ಕೆ ಅದೂ ನೆನೆದು ಬಿಳಿಚುತ್ತದೆ. ಟೇಪ್ ಚರ್ಮಕ್ಕೆ ಅಂಟಿಸಬೇಡಿ. ಕೀಳುವಾಗಿನ ಪೆಟ್ಟೂ ಪೆಟ್ಟೇ. ಹತ್ತಿಯ ಬ್ಯಾಂಡೇಜ್ ಸುತ್ತಿ, ಟೇಪನ್ನು ಬ್ಯಾಂಡೇಜಿನ ಮೇಲೆಯೇ ಹಾಕಿ. ಇನ್ನೊಂದು ಸಮಾಧಾನದ ವಿಷಯ: ದಿನಾ ಬಿಚ್ಚಲೇಬೇಕು ಎಂಬ ನಿಯಮ ಇಲ್ಲ. ಫೋಮ್ ತುಂಬಿ ಸೋರದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಸಾಕು. ನಿಮ್ಮ ನರ್ಸ್ ಜೊತೆ ಮಾತಾಡಿ ಆ ಅಂತರ ನಿಗದಿ ಮಾಡಿಕೊಳ್ಳಿ. ನಾನು ನೋಡಿದ ಎಷ್ಟೋ ರೋಗಿಗಳಿಗೆ ಈ ಒಂದು ಬದಲಾವಣೆಯಿಂದಲೇ ರಾತ್ರಿ ನಿದ್ದೆ ಮರಳಿದೆ.

ಕಾಲು ಊದಿದ್ದರೆ ಮಲಗಿದಾಗ ದಿಂಬಿನ ಮೇಲೆ ಎತ್ತಿಡಿ. ಬಿಗಿ ಬ್ಯಾಂಡೇಜ್ ಒಳ್ಳೆಯದೇ, ಆದರೆ ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಎಂದು ಪರೀಕ್ಷೆ ಆದ ಮೇಲೆ, ಉರಿ ತಗ್ಗಿದ ಮೇಲೆ ಮಾತ್ರ.

ಗಾಯದ ದ್ರವದ ವರದಿಯಲ್ಲಿ ಯಾವುದೋ ಬ್ಯಾಕ್ಟೀರಿಯಾದ ಹೆಸರು ಬಂದರೆ ಗಾಬರಿಯಾಗಬೇಡಿ. ತೆರೆದ ಹುಣ್ಣಿನ ಮೇಲೆ ಕ್ರಿಮಿಗಳು ಇದ್ದೇ ಇರುತ್ತವೆ. ಇದ್ದ ಮಾತ್ರಕ್ಕೆ ಸೋಂಕು ಅಲ್ಲ. ಜ್ವರ, ಚಳಿ, ಸುತ್ತಲೂ ಬಿಸಿಯಾಗಿ ಹರಡುವ ಕೆಂಪು, ಹೊಸ ಕೆಟ್ಟ ವಾಸನೆ, ತಗ್ಗಿದ್ದ ನೋವು ಏಕಾಏಕಿ ಏರುವುದು, ಇವು ಸೋಂಕಿನ ಗುರುತು. ಅದೇ ದಿನ ಡಾಕ್ಟರ ಬಳಿ ಹೋಗಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಬರದೆಯೂ ಸೋಂಕು ಏರಬಹುದು, ಹಾಗಾಗಿ ಸುಮ್ನೆ ಮಂಕಾದರೂ ಕಡೆಗಣಿಸಬೇಡಿ.

ಚರ್ಮ ಕಸಿಯ ಬಗ್ಗೆ ಕೇಳಿದ್ದೀರಿ. ಈಗ ಖಂಡಿತ ಬೇಡ. ಕಸಿಗೆ ತೊಡೆಯಿಂದ ಚರ್ಮ ತೆಗೆಯುತ್ತಾರೆ. ರೋಗ ಉರಿಯುತ್ತಿರುವಾಗ ತೆಗೆದರೆ ಕಾಲಿನ ಕಸಿಯೂ ನಿಲ್ಲದೆ ತೊಡೆಯಲ್ಲೂ ಹೊಸ ಹುಣ್ಣು ಏಳುವ ಅಪಾಯ ಇದೆ. ಔಷಧಿಯಿಂದ ರೋಗ ಪೂರ್ತಿ ಅಡಗಿದ ಮೇಲೂ ಗಾಯ ದೊಡ್ಡದಾಗಿ ಉಳಿದಿದ್ದರೆ, ಔಷಧಿಯ ರಕ್ಷಣೆಯಲ್ಲೇ ಕಸಿ ಮಾಡಬಹುದು. ಅದು ದೂರದ ಮಾತು.

ರಕ್ತ ತೆಗೆಯಲು ಸೂಜಿ ಚುಚ್ಚಿದರೂ ಹುಣ್ಣಾಗುತ್ತದಾ ಎಂಬ ಹೆದರಿಕೆ ಇದೆಲ್ಲ ಓದಿದ ಮೇಲೆ ಬರಬಹುದು. ಬೇಕಾದ ಪರೀಕ್ಷೆ ತಪ್ಪಿಸಬೇಡಿ, ಅದರಿಂದಾಗುವ ನಷ್ಟ ಹೆಚ್ಚು. ಆದರೆ ಮುಂದೆ ಯಾವತ್ತಾದರೂ ಹಲ್ಲು ಕೀಳಿಸುವುದಿರಲಿ, ಹೊಟ್ಟೆಯ ಆಪರೇಷನ್ ಇರಲಿ, ಈ ಕಾಯಿಲೆಯ ಹೆಸರನ್ನು ಮೊದಲೇ ಹೇಳಬೇಕು. ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಕ್ಕನ ಪರ್ಸಿನಲ್ಲಿ ಇಟ್ಟುಬಿಡಿ. ಹೇಳಿದರೆ ಸರ್ಜನ್ನರು ಹೊಲಿಗೆಯ ಬಗೆ ಬದಲಿಸಬಹುದು, ಮುಂಚಿತವಾಗಿ ಔಷಧಿ ಹೊಂದಿಸಬಹುದು.

ವಾರಕ್ಕೊಮ್ಮೆ, ಅದೇ ದಿನ, ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಚಿಕಿತ್ಸೆ ಹಿಡಿದರೆ ಮೊದಲು ನೋವು ಇಳಿಯುತ್ತದೆ, ಅದೂ ಕೆಲವೇ ದಿನಗಳಲ್ಲಿ. ಆಮೇಲೆ ನೇರಳೆ ಅಂಚು ಮಂಕಾಗುತ್ತದೆ, ಚಾಚಿದ್ದ ದಂಡೆ ತಗ್ಗಿ ಗಾಯದೊಳಗೆ ಇಳಿಜಾರಾಗುತ್ತದೆ. ಅಗಲ ಕಡಿಮೆಯಾಗುವುದು ಎಲ್ಲಕ್ಕಿಂತ ಕೊನೆಗೆ. ಮಾಯ್ದ ಜಾಗದಲ್ಲಿ ಜರಡಿಯ ಹಾಗೆ ಚುಕ್ಕಿ ಚುಕ್ಕಿಯಾದ ಕಲೆ ಉಳಿಯುತ್ತದೆ. ಅದು ಈ ರೋಗದ್ದೇ ಗುರುತು, ಕೆಟ್ಟ ಡ್ರೆಸ್ಸಿಂಗಿನಿಂದ ಆದದ್ದಲ್ಲ. ಅದಕ್ಕೆ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ.

ಒಂದು ವಾರ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮೊದಲು ಮಲದಲ್ಲಿ ರಕ್ತ ಹೋಗುತ್ತಿದ್ದ ವಿಷಯ ಹೇಳಿ. ನಂತರ ಕಲ್ಚರ್ ವರದಿ ಬಂತಾ ಕೇಳಿ. ಆ ಎರಡು ಉತ್ತರ ಕೈಗೆ ಸಿಕ್ಕಿ, ಅವರು ಸರಿ ಎಂದರೆ, ಮಾರನೆಯ ಬೆಳಗ್ಗೆಯೇ ಅಕ್ಕ ಮೊದಲ ಮಾತ್ರೆ ತೆಗೆದುಕೊಳ್ಳಲಿ.